ದೊರೆಯ ಪಕ್ಕದಲ್ಲಿ ನಿಂತವನು

ಬಿ.ಎಂ.ಶ್ರೀ. ಎಂದರೆ ನಮ್ಮ ಬಸವನಗುಡಿಯವರಿಗೆ ಮೊದಲು ನೆನಪಾಗುವುದು ‘ಇಂಗ್ಲಿಷ್ ಗೀತಗಳು’. ಗ್ರೀಕ್ ರುದ್ರನಾಟಕಕ್ಕೆ ಕನ್ನಡದಲ್ಲಿ ಬಾಗಿಲು ತೆರೆದವರೂ ಅವರೇ ಎಂಬುದು ನರಸಿಂಹರಾಜ ಕಾಲೊನಿಯಲ್ಲಿ ಅವರ ಹೆಸರಿನ ಪ್ರತಿಷ್ಠಾನದ ಎದುರು ದಿನಾ ಓಡಾಡುವವರಿಗೂ ಅಷ್ಟಾಗಿ ಗೊತ್ತಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನನಗೆ ಇದೊಂದು ಹಳೆಯ ಕೊರಗು.

ಅಂತಃಸಾಕ್ಷಿಗೂ ಪ್ರಭುತ್ವಕ್ಕೂ ಜಟಾಪಟಿ ಎಂದಕೂಡಲೇ ಎಲ್ಲರೂ ಸೊಫೊಕ್ಲಿಸನ ‘ಅಂತಿಗೊನೆ’ಯ ಹೆಸರು ಹೇಳುತ್ತಾರೆ. ಪಿ. ಲಂಕೇಶ್ ಅದನ್ನು ಕನ್ನಡಕ್ಕೆ ತಂದಿದ್ದಾರೆ. ಥೀಬ್ಸ್ ನಗರದ ಮೇಲೆ ದಂಡೆತ್ತಿ ಬಂದ ಪಾಲಿನೀಸಸ್, ನಗರ ಕಾಯುತ್ತಿದ್ದ ಒಡಹುಟ್ಟಿದವನೊಡನೆ ಕಾದಾಡಿ, ಇಬ್ಬರೂ ಸಾಯುತ್ತಾರೆ. ದ್ರೋಹಿಯ ಹೆಣಕ್ಕೆ ಮಣ್ಣು ಹಾಕಿದವರಿಗೆ ಸಾವೇ ಶಿಕ್ಷೆ ಎಂದು ಹೊಸ ದೊರೆ ಕ್ರೆಯಾನ್ ಸಾರಿಸುತ್ತಾನೆ. ಸೋದರಿ ಅಂತಿಗೊನೆ ಮಣ್ಣು ಹಾಕುತ್ತಾಳೆ. ಸಿಕ್ಕಿಬಿದ್ದಾಗ ಇಲ್ಲವೆನ್ನುವುದೂ ಇಲ್ಲ.

ತರಗತಿಯ ಹುಡುಗರೆಲ್ಲ ಅವಳ ಪಕ್ಷ. ಕ್ರೆಯಾನನ ವಾದವನ್ನೂ ಕೇಳಿ ಎನ್ನುತ್ತಿದ್ದೆ ನಾನು. ಊರು ಸುಡಲು ಬಂದವನಿಗೂ ಉಳಿಸಿದವನಿಗೂ ಒಂದೇ ಮರ್ಯಾದೆಯೇ ಎಂಬ ಅವನ ಪ್ರಶ್ನೆ ಪೊಳ್ಳಲ್ಲ. ಸೊಫೊಕ್ಲಿಸನೂ ಅಧಿಕಾರದ ರುಚಿ ಕಂಡವನೇ. ಕ್ರಿ.ಪೂ. 441ರ ಸುಮಾರಿಗೆ ಪೆರಿಕ್ಲಿಸನ ಜೊತೆ ಅಥೆನ್ಸಿನ ದಂಡನಾಯಕನಾಗಿ ಆಯ್ಕೆಯಾಗಿದ್ದ. ಆಜ್ಞೆಗಿಂತ ಹೆಚ್ಚಾಗಿ ಕ್ರೆಯಾನನನ್ನು ಕೆಡಿಸಿದ್ದು ಅವನ ಕಿವುಡುತನ. ಊರಿನ ಜನ ಅವಳಿಗಾಗಿ ಒಳಗೊಳಗೇ ಮರುಗುತ್ತಿದ್ದಾರೆಂದು ಮಗ ಹೈಮನ್ ಬಂದು ಹೇಳಿದರೂ ಬಗ್ಗಲಿಲ್ಲ. ಅಂತಿಗೊನೆ, ಅವಳನ್ನು ಮದುವೆಯಾಗಬೇಕಿದ್ದ ಹೈಮನ್, ರಾಣಿ, ಮೂವರೂ ಹೋದರು.

ಶ್ರೀಯವರು ಆರಿಸಿಕೊಂಡದ್ದು ಅದೇ ಕವಿಯ ‘ಏಜಾಕ್ಸ್’. ಅದನ್ನು ಮಹಾಭಾರತಕ್ಕೆ ಒಗ್ಗಿಸಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯನ್ನೇ ಸಾಯಿಸಿಬಿಟ್ಟರು ಎಂಬ ಆಕ್ಷೇಪವನ್ನೂ ಕಟ್ಟಿಕೊಂಡರು. ಗ್ರೀಕ್ ಮೂಲದಲ್ಲಿ ಇಲ್ಲೂ ಹೆಣದ್ದೇ ಜಗಳ. ಅಖಿಲೀಸನ ಆಯುಧಗಳು ತನಗೆ ಸಿಗದೆ ಒಡಿಸಿಯಸ್‌ಗೆ ಹೋದವೆಂದು ಕೆರಳಿದ ಏಜಾಕ್ಸ್ ರಾತ್ರಿ ತನ್ನವರನ್ನೇ ಕೊಲ್ಲಲು ಹೊರಟು, ಹುಚ್ಚು ಹಿಡಿದು ದನಕುರಿಗಳನ್ನು ತರಿಯುತ್ತಾನೆ. ನಾಚಿಕೆಯಿಂದ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಹೂಳಕೂಡದೆಂದು ಗ್ರೀಕರ ದೊರೆ ಅಗಮೆಮ್ನಾನನ ಕಡೆಯವರ ಹಟ. ಸತ್ತವನ ಮಲತಮ್ಮ ಟ್ಯೂಸರ್ ಜಗ್ಗುವುದಿಲ್ಲ. ಆಗ ಬಾಯಿ ಬಿಡುವವನು ಸತ್ತವನ ಕಡುವೈರಿ ಒಡಿಸಿಯಸ್. ದ್ವೇಷವಿತ್ತು, ನಿಜ, ಆದರೆ ಅಖಿಲೀಸನ ನಂತರ ಇವನಂಥ ವೀರನಿರಲಿಲ್ಲ, ಹೂಳದಿದ್ದರೆ ದೇವರ ಕಟ್ಟಳೆ ಮುರಿದಂತೆ ಎಂದು ದೊರೆಗೇ ಹೇಳುತ್ತಾನೆ. ಅಗಮೆಮ್ನಾನ್ ಗೊಣಗುತ್ತ ಒಪ್ಪುತ್ತಾನೆ. ಹೂಳಲು ಕೈಜೋಡಿಸುವೆನೆಂದು ಒಡಿಸಿಯಸ್ ಮುಂದೆ ಬಂದರೆ ಟ್ಯೂಸರ್ ಬೇಡವೆನ್ನುತ್ತಾನೆ: ಸತ್ತವನಿಗೆ ಸರಿಬೀಳದೇನೋ ಎಂಬ ಅಳುಕು.

ನನಗೆ ಅಂತಿಗೊನೆಗಿಂತ ಈ ಒಡಿಸಿಯಸ್ಸೇ ದೊಡ್ಡವನಾಗಿ ಕಾಣುತ್ತಾನೆ. ಅಂತಿಗೊನೆಯರಿಗೆ ನಮ್ಮೂರಲ್ಲೂ ಬರವಿಲ್ಲ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಕಮ್ಮಿ ಇರುವುದು ದೊರೆಯ ಪಕ್ಕದಲ್ಲೇ ನಿಂತು ಬೇಡ ಎನ್ನುವವರು. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬರುವ ನಿವೃತ್ತ ಅಧಿಕಾರಿಗಳಿಂದ ನಾನು ಕೇಳಿರುವುದು ಹೆಚ್ಚಾಗಿ ಒಂದೇ ಮಾತು: “ಮೇಲಿಂದ ಆರ್ಡರ್ ಬಂದಿತ್ತು ಸಾರ್.”

ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ನಾಟಕ ಆಡುವ ಹವ್ಯಾಸಿ ತಂಡಗಳಿಗೆ ನನ್ನದೊಂದು ಬಿನ್ನಹ: ಮುಂದಿನ ಸಲ ‘ಅಶ್ವತ್ಥಾಮನ್’ ಕೈಗೆತ್ತಿಕೊಳ್ಳಿ. ಹಳಗನ್ನಡಕ್ಕೆ ಹೆದರಬೇಡಿ, ತಾಲೀಮಿನಲ್ಲಿ ಪದ ಬಿಡಿಸಿ ಹೇಳಲು ನಾನು ಬರುತ್ತೇನೆ.