ರಾತ್ರಿ ವಿಮಾನಕ್ಕೆ ಹಗಲಿನ ಬಿಸಿಲು



ನಮ್ಮ ಪತ್ರೋತ್ತರ ಕಾರ್ಯಕ್ರಮಕ್ಕೆ ಪಲ್ಲಾವರಂನ ಕೇಳುಗರೊಬ್ಬರಿಂದ ಒಂದು ಕಾರ್ಡು ಬಂದಿತ್ತು. ಅವರ ಮನೆಯ ಮೇಲೆಯೇ ವಿಮಾನಗಳು ಇಳಿಯುತ್ತವಂತೆ. ಪ್ರಶ್ನೆ ಇಷ್ಟೇ: "ಕೊಚ್ಚಿ ವಿಮಾನ ನಿಲ್ದಾಣ ಪೂರ್ತಿ ಬಿಸಿಲಿನಿಂದಲೇ ನಡೆಯುತ್ತದೆ ಎಂದು ನೀವು ಓದಿದಿರಿ. ರಾತ್ರಿ ಎರಡು ಗಂಟೆಗೂ ವಿಮಾನ ಬರುತ್ತದಲ್ಲ, ಆಗ ಬಿಸಿಲು ಎಲ್ಲಿಂದ ತರುತ್ತಾರೆ?"

ಮೈಕಿನ ಮುಂದೆ ಒಂದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಿದೆ. ಮುಗಿಸಿದ ಮೇಲೆ ಸಮಾಧಾನವಾಗಲಿಲ್ಲ. ಪ್ರಶ್ನೆ ಅಷ್ಟು ಸಣ್ಣದಲ್ಲ. ಹಾಗಾಗಿ ಈ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೊಚ್ಚಿಯಲ್ಲಿ ಆಗಿದ್ದೇನು?

2013ರಲ್ಲಿ ಕೊಚ್ಚಿ ನಿಲ್ದಾಣದವರು ಆಗಮನ ಕಟ್ಟಡದ ಚಾವಣಿಯ ಮೇಲೆ 100 ಕಿಲೋವ್ಯಾಟಿನ ಸಣ್ಣ ಸೌರ ಘಟಕ ಹಾಕಿ ನೋಡಿದರು. ಲೆಕ್ಕ ಸರಿಬಂತು. ಆಮೇಲೆ ಒಂದು ಮೆಗಾವ್ಯಾಟ್ ಸೇರಿಸಿದರು. ಅದೂ ಸರಿಬಂದ ಮೇಲೆ ಸರಕು ವಿಭಾಗದ ಬಳಿ ಖಾಲಿ ಬಿದ್ದಿದ್ದ 45 ಎಕರೆ ಜಾಗದಲ್ಲಿ 46,000ಕ್ಕೂ ಹೆಚ್ಚು ಫಲಕಗಳನ್ನು ಜೋಡಿಸಿದರು. 12 ಮೆಗಾವ್ಯಾಟಿನ ಈ ಘಟಕ 2015ರ ಆಗಸ್ಟ್ 18ರಂದು ಉದ್ಘಾಟನೆಯಾಯಿತು. ಪೂರ್ತಿಯಾಗಿ ಸೌರಶಕ್ತಿಯನ್ನು ನೆಚ್ಚಿಕೊಂಡ ಜಗತ್ತಿನ ಮೊದಲ ವಿಮಾನ ನಿಲ್ದಾಣ ಎಂಬ ಹೆಸರು ನಮ್ಮ ನೆರೆಯ ಊರಿಗೆ ಬಂತು. ಫಲಕಗಳ ಧೂಳು ತೊಳೆದ ನೀರನ್ನೂ ಅವರು ದಂಡ ಮಾಡಲಿಲ್ಲ. ಅದೇ ನೀರಿನಲ್ಲಿ ಸಾಲುಗಳ ನಡುವೆ ತರಕಾರಿ ಬೆಳೆದರು.

ನಮ್ಮ ದಕ್ಷಿಣದ ಬಿಸಿಲಿಗೆ ಒಂದು ಮೆಗಾವ್ಯಾಟ್ ಘಟಕ ದಿನಕ್ಕೆ ಸುಮಾರು 4,000 ಯೂನಿಟ್ ಕೊಡುತ್ತದೆ. ಅಂದರೆ 12 ಮೆಗಾವ್ಯಾಟಿಗೆ 48,000. ದಿನಕ್ಕೆ 8 ಯೂನಿಟ್ ಖರ್ಚು ಮಾಡುವ ಮನೆಗಳು ಎಂದುಕೊಂಡರೆ 6,000 ಮನೆಗಳಿಗೆ ಸಾಕಾಗುವಷ್ಟು ಕರೆಂಟು.

ಪಕ್ಕದ ಮನೆಯ ಸಕ್ಕರೆ

ಈಗ ರಾತ್ರಿ ಎರಡು ಗಂಟೆಯ ಪ್ರಶ್ನೆಗೆ ಬರೋಣ. ಹಗಲು ನಿಲ್ದಾಣಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಹುಟ್ಟುತ್ತದೆ. ಹೆಚ್ಚಾದದ್ದನ್ನು ರಾಜ್ಯದ ವಿದ್ಯುತ್ ಜಾಲಕ್ಕೆ ಕೊಡುತ್ತಾರೆ. ರಾತ್ರಿ ಅದೇ ಜಾಲದಿಂದ ವಾಪಸ್ ಪಡೆಯುತ್ತಾರೆ. ಪಕ್ಕದ ಮನೆಯವರಿಗೆ ಬೆಳಿಗ್ಗೆ ಒಂದು ಲೋಟ ಸಕ್ಕರೆ ಕೊಟ್ಟು, ಸಂಜೆ ನೆಂಟರು ಬಂದಾಗ ಒಂದು ಲೋಟ ವಾಪಸ್ ಕೇಳಿದ ಹಾಗೆ. ಲೆಕ್ಕ ಚುಕ್ತಾ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಬೆಳಿಗ್ಗೆ ನಾವು ಕೊಟ್ಟ ಸಕ್ಕರೆಯೇ ಸಂಜೆ ಬರುವುದಿಲ್ಲ. ರಾತ್ರಿ ಜಾಲದಲ್ಲಿ ಹರಿಯುವುದು ಜಲವಿದ್ಯುತ್ತೋ, ಗಾಳಿಯದೋ, ಹೆಚ್ಚಿನ ಪಾಲು ಕಲ್ಲಿದ್ದಲಿನದೋ. "ನೂರಕ್ಕೆ ನೂರು ಸೌರಶಕ್ತಿ" ಎಂದರೆ ವರ್ಷದ ಕೊನೆಗೆ ಕೊಟ್ಟದ್ದೂ ತೆಗೆದುಕೊಂಡದ್ದೂ ಸರಿಹೋಯಿತು ಎಂದರ್ಥ. ಇದು ಸುಳ್ಳಲ್ಲ, ಅಷ್ಟೊಂದು ಕಲ್ಲಿದ್ದಲು ನಿಜವಾಗಿಯೂ ಉಳಿಯಿತು. ಆದರೆ ಎಲ್ಲರೂ ಹಗಲೇ ಸಕ್ಕರೆ ಕೊಟ್ಟು ರಾತ್ರಿಯೇ ಕೇಳಿದರೆ ಪಕ್ಕದ ಮನೆಯ ಡಬ್ಬ ಸಾಲದು. ಅದಕ್ಕೇ ಈಗ ಬ್ಯಾಟರಿ, ರಾತ್ರಿ ಬೀಸುವ ಗಾಳಿ, ಅಣೆಕಟ್ಟಿನ ನೀರು ಇವೆಲ್ಲ ಬೇಕಾಗಿವೆ. ಕೊಚ್ಚಿಯವರೇ 2021ರಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಅರಿಪ್ಪಾರದಲ್ಲಿ ನಾಲ್ಕೂವರೆ ಮೆಗಾವ್ಯಾಟಿನ ಕಿರು ಜಲವಿದ್ಯುತ್ ಘಟಕ ಶುರುಮಾಡಿದ್ದು ಸುಮ್ಮನೆ ಅಲ್ಲ.

ಜಾಗವಿಲ್ಲದವರು ಏನು ಮಾಡಬೇಕು?

ನಮ್ಮ ಮೀನಂಬಾಕ್ಕಂ ನೋಡಿ. ಒಂದು ಕಡೆ ಜಿ.ಎಸ್.ಟಿ. ರಸ್ತೆ, ಅದರ ಪಕ್ಕದಲ್ಲೇ ರೈಲು ಹಳಿ. ಹತ್ತಿರದಲ್ಲೇ ಗುಡ್ಡಗಳು. ಇನ್ನೊಂದು ಕಡೆ ಅಡ್ಯಾರ್ ನದಿ. ಎರಡನೇ ರನ್‌ವೇಯನ್ನು ಉದ್ದ ಮಾಡಲು ನದಿಯ ಮೇಲೆಯೇ ಸೇತುವೆ ಕಟ್ಟಬೇಕಾಯಿತು. ಇಂಥಲ್ಲಿ 45 ಎಕರೆ ಎಲ್ಲಿಂದ ತರುವುದು? ರನ್‌ವೇ ಬಳಿ ಗಾಳಿಯಂತ್ರ ನಿಲ್ಲಿಸುವ ಮಾತೇ ಇಲ್ಲ, ಎತ್ತರದ ಯಾವುದಕ್ಕೂ ಅಲ್ಲಿ ಅನುಮತಿ ಸಿಗದು. ಸೌರ ಫಲಕ ಹಾಕುವುದಾದರೂ ಪೈಲಟ್ಟಿನ ಕಣ್ಣಿಗೆ ಬೆಳಕು ಕುಕ್ಕದಂತೆ ನೋಡಿಕೊಳ್ಳಬೇಕು.

ಇದಕ್ಕೊಂದು ದಾರಿ, ದೂರದಲ್ಲಿ ಹುಟ್ಟುವ ಕರೆಂಟನ್ನು ಕೊಳ್ಳುವುದು. ಹಿಂದಿನ ಮನಿ ಆರ್ಡರ್ ನೆನಪಿದೆಯಲ್ಲ? ಮಗ ಮದ್ರಾಸಿನ ಅಂಚೆ ಕಚೇರಿಯಲ್ಲಿ ನೂರು ರೂಪಾಯಿ ಕಟ್ಟಿದರೆ ಹಾಸನದ ಹಳ್ಳಿಯಲ್ಲಿ ಅಮ್ಮನ ಕೈಗೆ ನೂರು ರೂಪಾಯಿ ಬರುತ್ತಿತ್ತು. ಅದೇ ನೋಟು ಅಲ್ಲ, ಅಷ್ಟೇ ಹಣ. ಮಧ್ಯೆ ಅಂಚೆಯವರ ಕಮಿಷನ್. ಕರೆಂಟಿನ ಕಥೆಯೂ ಅದೇ. ಕನ್ಯಾಕುಮಾರಿ ಜಿಲ್ಲೆಯ ಮುಪ್ಪಂದಲ್‌ನಲ್ಲಿ ಗಾಳಿಯಂತ್ರ ತಿರುಗುತ್ತದೆ, ತುಮಕೂರಿನ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಬರಡು ನೆಲದ ಮೇಲೆ 2,050 ಮೆಗಾವ್ಯಾಟಿನ ಸೌರ ಪಾರ್ಕ್ ನಿಂತಿದೆ. ಇಂಥ ಕಡೆ ಹುಟ್ಟಿದ ಕರೆಂಟು ಜಾಲಕ್ಕೆ ಸೇರಿದರೆ, ಬಾಡಿಗೆ ಕೊಟ್ಟು ಬೇರೆ ಊರಿನಲ್ಲಿ ಅಷ್ಟನ್ನು ಪಡೆಯಬಹುದು. ದೆಹಲಿ ನಿಲ್ದಾಣ 2022ರ ಜೂನ್‌ನಿಂದ ಹೀಗೆಯೇ ಹಿಮಾಚಲದ ಜಲವಿದ್ಯುತ್ತು ಮತ್ತು ಸೌರ ವಿದ್ಯುತ್ತಿನಿಂದ ನಡೆಯುತ್ತಿದೆ. ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಚಾವಣಿಯ ಸೌರ ಫಲಕಗಳ ಜೊತೆಗೆ ಹೊರಗಿನಿಂದ ಸೌರ, ಪವನ ವಿದ್ಯುತ್ತನ್ನು ಕೊಳ್ಳುತ್ತದೆ.

ಇನ್ನು ಎಲ್ಲಕ್ಕಿಂತ ಅಗ್ಗದ ಕರೆಂಟು ಯಾವುದು ಗೊತ್ತೆ? ಖರ್ಚು ಮಾಡದೆ ಉಳಿಸಿದ ಕರೆಂಟು. ನಿಲ್ದಾಣದಲ್ಲಿ ದೊಡ್ಡ ಖರ್ಚು ಎ.ಸಿ.ಯದು. ಮೇ ತಿಂಗಳ ಚೆನ್ನೈಯಲ್ಲಿ ಅಷ್ಟು ದೊಡ್ಡ ಗಾಜಿನ ಕಟ್ಟಡವನ್ನು ತಂಪಾಗಿಡುವುದೆಂದರೆ ಹುಡುಗಾಟವಲ್ಲ, ನಿಮ್ಮ ಮನೆಯ ಇ.ಬಿ. ಬಿಲ್ಲೇ ಸಾಕ್ಷಿ. ಬಿಸಿಲು ನೇರ ಬೀಳದ ಗೋಡೆ, ಎಲ್.ಇ.ಡಿ. ದೀಪ, ಜನ ಕಡಿಮೆಯಿದ್ದಾಗ ತಾನೇ ತಗ್ಗುವ ಎ.ಸಿ., ಇವೆಲ್ಲ ಸುದ್ದಿಯಾಗುವುದಿಲ್ಲ, ಆದರೆ ಉಳಿತಾಯ ಇಲ್ಲೇ.

ವಿಮಾನದ ಹೊಗೆ ಯಾರ ಲೆಕ್ಕಕ್ಕೆ?

ಪಲ್ಲಾವರಂನ ಆ ಕೇಳುಗರು ಕೇಳದೇ ಬಿಟ್ಟ ಪ್ರಶ್ನೆ ಇದು. ನಿಲ್ದಾಣದ ದೀಪ ಬಿಸಿಲಿನಿಂದ ಉರಿಯಿತು, ಸರಿ. ತಲೆಯ ಮೇಲೆ ಹೋಗುವ ವಿಮಾನ?

ವಿಮಾನ ನಿಲ್ದಾಣಗಳ ಅಂತರರಾಷ್ಟ್ರೀಯ ಮಂಡಳಿ 2009ರಿಂದ ಇಂಗಾಲದ ಲೆಕ್ಕಕ್ಕೆ ಶಾಲೆಯ ತರಗತಿಗಳಂತೆ ಹಂತಗಳನ್ನು ಮಾಡಿ ಪ್ರಮಾಣಪತ್ರ ಕೊಡುತ್ತಿದೆ. ಮೊದಲ ಹಂತ, ಎಷ್ಟು ಹೊಗೆ ಬಿಡುತ್ತೇವೆ ಎಂದು ಬರೆದಿಡುವುದು. ಮುಂದಿನದು ಕಡಿಮೆ ಮಾಡುವುದು. ಆಮೇಲೆ ವಿಮಾನ ಸಂಸ್ಥೆಗಳನ್ನೂ ಟ್ಯಾಕ್ಸಿಯವರನ್ನೂ ಜೊತೆಗೆ ಸೇರಿಸಿಕೊಳ್ಳುವುದು. 2023ರಲ್ಲಿ ಐದನೇ ಹಂತ ಬಂತು. ಆದರೆ "ಇಂಗಾಲ ಮುಕ್ತ ನಿಲ್ದಾಣ" ಎಂಬ ಫಲಕ ನೋಡಿದಾಗ ನೆನಪಿಡಿ: ಅದು ನಿಲ್ದಾಣದ ಸ್ವಂತ ಕರೆಂಟು, ಸ್ವಂತ ವಾಹನ, ಸ್ವಂತ ಜನರೇಟರುಗಳ ಲೆಕ್ಕ. ಆಕಾಶದಲ್ಲಿ ಸುಡುವ ಇಂಧನ ಅದರೊಳಗಿಲ್ಲ. ಒಂದು ಕಿಲೋ ವಿಮಾನ ಇಂಧನ ಸುಟ್ಟರೆ ಮೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಹಾಗಂತ ನಿಲ್ದಾಣ ಕೈಕಟ್ಟಿ ಕೂರಬೇಕಿಲ್ಲ. ವಿಮಾನ ನಿಂತಿದ್ದಾಗಲೂ ಒಳಗಿನ ದೀಪಕ್ಕೆ, ತಂಪಿಗೆ ಬಾಲದಲ್ಲಿರುವ ಸಣ್ಣ ಎಂಜಿನ್ ಓಡುತ್ತಿರುತ್ತದೆ. ಗಂಟೆಗೆ ನೂರು ಕಿಲೋ ಆಸುಪಾಸು ಇಂಧನ ಕುಡಿಯುತ್ತದೆ. ನಿಲ್ದಾಣವೇ ಕೇಬಲ್ಲಿನಿಂದ ಕರೆಂಟನ್ನೂ ಕೊಳವೆಯಿಂದ ತಣ್ಣನೆ ಗಾಳಿಯನ್ನೂ ಕೊಟ್ಟರೆ ಆ ಎಂಜಿನ್ ಆರಿಸಬಹುದು. ಇಳಿದ ಮೇಲೆ ಒಂದೇ ಎಂಜಿನ್ನಿನಲ್ಲಿ ಸಾಗಬಹುದು. 2019ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಏರ್ ಇಂಡಿಯಾ ವಿಮಾನವೊಂದನ್ನು ಪ್ರಯಾಣಿಕರ ಸಮೇತ 'ಟ್ಯಾಕ್ಸಿಬಾಟ್' ಎಂಬ ವಾಹನ ರನ್‌ವೇವರೆಗೆ ಎಳೆದುಕೊಂಡು ಹೋಗಿತ್ತು. ಎತ್ತಿನಗಾಡಿಯ ನೆನಪಾದರೆ ನಗಬೇಡಿ, ತತ್ವ ಅದೇ!

ನೀರು ಬಂದಾಗ

ಇಷ್ಟೆಲ್ಲ ನಮಗೇಕೆ ಎನ್ನುವವರಿಗೆ ಎರಡು ತಾರೀಖು. 2015ರ ಡಿಸೆಂಬರ್ 1ರ ರಾತ್ರಿ ಅಡ್ಯಾರ್ ಉಕ್ಕಿ ನಮ್ಮ ರನ್‌ವೇ ಕೆರೆಯಾಯಿತು. ವಿಮಾನಗಳು ನೀರಿನಲ್ಲಿ ನಿಂತ ಚಿತ್ರ ನೀವೆಲ್ಲ ನೋಡಿದ್ದೀರಿ. ದಿನಗಟ್ಟಲೆ ನಿಲ್ದಾಣ ಮುಚ್ಚಿತ್ತು, ಅರಕ್ಕೋಣಂನ ನೌಕಾನೆಲೆಯಿಂದ ಜನರನ್ನು ಸಾಗಿಸಿದರು. ಇನ್ನೊಂದು, 2018ರ ಆಗಸ್ಟ್. ಪೆರಿಯಾರ್ ಉಕ್ಕಿ, ಬಿಸಿಲಿನ ನಿಲ್ದಾಣ ಎಂದು ಹೆಸರಾದ ಅದೇ ಕೊಚ್ಚಿ 15ರಿಂದ 29ರವರೆಗೆ ಬಾಗಿಲು ಹಾಕಿತು. ಮರುತಿಂಗಳೇ ವಿಶ್ವಸಂಸ್ಥೆಯ 'ಭೂಮಿಯ ಚಾಂಪಿಯನ್' ಪ್ರಶಸ್ತಿ ಅದಕ್ಕೆ ಬಂತು. ಬಹುಮಾನ ಪಡೆದವರನ್ನೂ ಮಳೆ ಬಿಡಲಿಲ್ಲ.

ಒಂದೊಂದು ಮಳೆಗೂ ಇಂಗಾಲವೇ ಕಾರಣ ಎನ್ನಲಾಗದು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದದ್ದನ್ನು ಒಂದಲ್ಲ ಒಂದು ದಿನ ಸುರಿಯಲೇಬೇಕು. ಸುರಿದ ನೀರಿಗೆ ಕೆರೆಗಳಿರಬೇಕು. ಕಾಂಚೀಪುರಂ ಬಳಿ ಪರಂದೂರಿನಲ್ಲಿ ಚೆನ್ನೈಯ ಎರಡನೇ ವಿಮಾನ ನಿಲ್ದಾಣ ಎಂದು 2022ರಲ್ಲಿ ಸರ್ಕಾರ ಪ್ರಕಟಿಸಿದಾಗ ಏಕನಾಪುರಂನ ಜನ ಬೀದಿಗಿಳಿದದ್ದು ಹೊಲಗಳಿಗಾಗಿ, ಕೆರೆಗಳಿಗಾಗಿ. ನಗರಕ್ಕೆ ಇನ್ನೊಂದು ನಿಲ್ದಾಣ ಬೇಕೆನ್ನುವ ವಾದದಲ್ಲೂ ಹುರುಳಿದೆ. ಆದರೆ ಕೆರೆ ಮುಚ್ಚಿ ಅದರ ಮೇಲೆ ಸೌರ ಫಲಕ ಹಾಕಿದರೆ ಅದನ್ನು ಹಸಿರು ಎನ್ನಲು ನನಗಂತೂ ಬಾಯಿ ಬಾರದು.

ನಮ್ಮ ಪಾಲು

ನಮ್ಮ ಕೈಯಲ್ಲಿ ಇರುವುದನ್ನೂ ಹೇಳಿಬಿಡುತ್ತೇನೆ. 2016ರ ಸೆಪ್ಟೆಂಬರಿನಿಂದ ಮೆಟ್ರೊ ರೈಲು ನಿಲ್ದಾಣದ ಬಾಗಿಲಿಗೇ ಬರುತ್ತದೆ. ತಿರುಸೂಲಂನಲ್ಲಿ ಲೋಕಲ್ ರೈಲು ಮೊದಲಿನಿಂದಲೂ ಇದೆ. ಒಬ್ಬರನ್ನು ಬಿಡಲು ನಾಲ್ವರು ಕಾರಿನಲ್ಲಿ ಹೋಗಬೇಕಿಲ್ಲ.

ಇನ್ನೊಂದು ಮಾತು. 2022ರ ನವೆಂಬರ್ 11ರಂದು ಬೆಂಗಳೂರು ನಿಲ್ದಾಣದ ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. ತೋಟದೊಳಗಿನ ಟರ್ಮಿನಲ್ ಎಂದು ಎಲ್ಲರೂ ಕೊಂಡಾಡಿದರು, ನೋಡಲು ಚೆಂದವೇ. ಅದೇ ದಿನ, ಅದೇ ಊರಿನಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್ ರೈಲಿಗೂ ಹಸಿರು ನಿಶಾನೆ ಸಿಕ್ಕಿತು. ನಮ್ಮ ಸೆಂಟ್ರಲ್‌ನಿಂದ ಬೆಂಗಳೂರು ಸುಮಾರು 360 ಕಿಲೋಮೀಟರ್. ಶತಾಬ್ದಿ, ವಂದೇ ಭಾರತ್ ಇರುವಾಗ ಇಷ್ಟು ಹತ್ತಿರದ ಊರಿಗೆ ಹಾರಲೇಬೇಕೆ? ದುಬೈಗೋ ಅಮೆರಿಕಕ್ಕೋ ಮಕ್ಕಳನ್ನು ನೋಡಲು ಹೋಗುವವರಿಗೆ ಬೇರೆ ದಾರಿಯಿಲ್ಲ, ಹೋಗಿಬನ್ನಿ. ಅಮ್ಮನ ಮನೆಗೆ ಹೋಗುವಾಗ ಮಾತ್ರ ಒಮ್ಮೆ ಯೋಚಿಸಿ. ಜೋಲಾರಪೇಟೆ ದಾಟಿದ ಮೇಲೆ ಕಿಟಕಿಯಲ್ಲಿ ಕಾಣುವ ಬೆಟ್ಟ ವಿಮಾನದಲ್ಲಿ ಸಿಗುವುದಿಲ್ಲ.

ಪಲ್ಲಾವರಂನ ಕೇಳುಗರೇ, ನಿಮ್ಮ ಕಾರ್ಡಿಗೆ ಉತ್ತರ ಇಷ್ಟು ಉದ್ದವಾಯಿತು. ರಾತ್ರಿ ಎರಡು ಗಂಟೆಗೆ ಬಿಸಿಲು ಎಲ್ಲಿಂದಲೂ ಬರುವುದಿಲ್ಲ, ಹಗಲು ಕೊಟ್ಟಿಟ್ಟದ್ದೇ ವಾಪಸ್ ಬರಬೇಕು. ಭೂಮಿಯ ಜೊತೆ ನಮ್ಮ ಲೆಕ್ಕವೂ ಹಾಗೆಯೇ. ಪ್ರಶ್ನೆಗಳಿದ್ದರೆ ಬರೆಯಿರಿ. ಕನ್ನಡ ಕಾರ್ಯಕ್ರಮದ ಹೊತ್ತಿಗೆ ಎಂದಿನಂತೆ ಸಿಗೋಣ.