ಅಖಾಡ ಮುಚ್ಚಿದ ಮೇಲೆ ಪಟ್ಟ ಯಾರದು?

ಸೊಲ್ಲಾಪುರ, ವಿಜಯಪುರದ ಕಡೆಯಿಂದ ಹೊಸಪೇಟೆಗೆ ಹೊರಟ ಬಸ್ಸು ಇಳಕಲ್ ದಾಟಿ ಕುಷ್ಟಗಿ ಸಮೀಪಿಸಿದಾಗ, ಊರಿನ ಹೆಸರು ಕೇಳಿದ ಹೊಸಬರು 'ಇದೇನು ಕುಸ್ತಿಯ ಊರೇ?' ಎಂದು ಕೇಳುವುದುಂಟು. ಊರಿನ ಹೆಸರಿಗೂ ಕುಸ್ತಿಗೂ ಇರುವುದು ಬರೀ ಧ್ವನಿಯ ನೆಂಟಸ್ತಿಕೆ. 'ಕುಸ್ತಿ' ಪಾರಸಿಯಿಂದ ಬಂದ ಮಾತು. ಆ ಮಾತು ಬರುವುದಕ್ಕೂ ಮೊದಲೇ ನಮ್ಮವರು ಅದನ್ನು ಮಲ್ಲಯುದ್ಧ, ಜಟ್ಟಿ ಕಾಳಗ ಎಂದು ಕರೆಯುತ್ತಿದ್ದರು. ಹಾಗೆಂದು ಈ ಸೀಮೆಗೆ ಕುಸ್ತಿಯ ನಂಟಿಲ್ಲ ಎನ್ನುವಂತಿಲ್ಲ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳದ ಹಳ್ಳಿಗಳಲ್ಲಿ ತೇರು ಎಳೆದ ಮರುದಿನ ಕೆಂಪು ಮಣ್ಣು ಹದ ಮಾಡಿ, ಹಲಗೆಯ ಸದ್ದಿಗೆ ಪೈಲ್ವಾನರನ್ನು ಇಳಿಸಿದ ನೆನಪು ಹಿರಿಯರಲ್ಲಿ ಇನ್ನೂ ಹಸಿರಾಗಿದೆ.

ಜಾತ್ರೆಯ ಕುಸ್ತಿಗೆ ಒಂದು ಕ್ರಮವಿದೆ. ಮೊದಲು ಚಿಕ್ಕ ಹುಡುಗರು. ಗೆದ್ದವನಿಗೆ ಒಂದು ತೆಂಗಿನಕಾಯಿ. ಆಮೇಲೆ ಹದಿಹರೆಯದವರು. ಅವರಿಗೆ ಪಂಚೆ, ಪೇಟ, ಒಂದಿಷ್ಟು ರೂಪಾಯಿ. ಹೊತ್ತು ಇಳಿಯುವಾಗ ಕಡೆಯ ಜೋಡಿ. ಅದಕ್ಕೆ ಬೆಳ್ಳಿ ಕಡಗ. ಗೆದ್ದವನು ಕಡಗದ ಕೈ ಮೇಲೆತ್ತಿ ಅಖಾಡ ಸುತ್ತುತ್ತಾನೆ, ಜನ ಅವನ ವಲ್ಲಿಗೆ ನಾಣ್ಯ, ನೋಟು ಹಾಕುತ್ತಾರೆ. ಮುಂದಿನ ಜಾತ್ರೆಯವರೆಗೆ ಆ ಸುತ್ತಿನ ಹಳ್ಳಿಗಳಿಗೆ ಅವನೇ ದೊಡ್ಡ ಪೈಲ್ವಾನ. ಕಾಗದವಿಲ್ಲ, ಸಹಿಯಿಲ್ಲ, ಸೋಲಿಸುವವನು ಬರುವ ತನಕ ಪಟ್ಟ ಅವನದೇ.

ಆದರೆ ಜಾತ್ರೆಯ ಕುಸ್ತಿಯೇ ನಿಂತುಹೋದರೆ? ಕಡೆಯ ಸಲ ಕಡಗ ಗೆದ್ದವನು ಸಾಯುವ ತನಕ ಪಟ್ಟದಲ್ಲೇ ಇರುತ್ತಾನೆಯೇ? ಅಥವಾ ಅಖಾಡದ ಜೊತೆಗೆ ಪಟ್ಟವೂ ಮಣ್ಣಾಗುತ್ತದೆಯೇ? ಹಳ್ಳಿಯ ಕಟ್ಟೆಯ ಮೇಲಿನ ಹರಟೆಯಂತೆ ಕಾಣುವ ಈ ಪ್ರಶ್ನೆ ಲಂಡನ್, ಫಿಲಡೆಲ್ಫಿಯ, ಪಟಿಯಾಲ, ಮುಂಬೈ ಎಲ್ಲವನ್ನೂ ಸುತ್ತಿ ಬಂದಿದೆ!

ಕಲ್ಯಾಣದ ಅರಸರ ಲೆಕ್ಕ

ಮಲ್ಲರಿಗೆ ದರ್ಜೆ ಕಟ್ಟುವ ಕೆಲಸ ನಮ್ಮ ನೆಲದಲ್ಲಿ ಒಂಬೈನೂರು ವರ್ಷದಷ್ಟು ಹಳೆಯದು. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನೇ 'ಮಾನಸೋಲ್ಲಾಸ' ಎಂಬ ಸಂಸ್ಕೃತ ವಿಶ್ವಕೋಶದ ಕರ್ತೃ. ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಹೇಳುವ ಆ ಗ್ರಂಥದಲ್ಲಿ ಮಲ್ಲವಿನೋದಕ್ಕೂ ಒಂದು ಅಧ್ಯಾಯವಿದೆ. ವಯಸ್ಸು, ಮೈಕಟ್ಟು, ಬಲ, ವಿದ್ಯೆ ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಅಲ್ಲಿ ವಿಂಗಡಿಸಲಾಗಿದೆ. ಈಗಷ್ಟೇ ಬೆಳೆಯುತ್ತಿರುವವನಿಗೆ 'ಭವಿಷ್ಣು' ಎಂಬ ಹೆಸರು. ಮೈಸೂರು ದಸರೆಯಲ್ಲಿ ವಜ್ರಮುಷ್ಟಿ ಕಾಳಗ ಆಡುವ ಜಟ್ಟಿಗಳ ಹೆಸರೂ ಈ 'ಜ್ಯೇಷ್ಠ'ದ ಕಡೆಗೇ ಬೆರಳು ತೋರುತ್ತದೆ.

ನಾಲ್ಕು ನೂರು ವರ್ಷದ ನಂತರ ತುಂಗಭದ್ರೆಯ ದಂಡೆಯಲ್ಲಿ ಕುಸ್ತಿ ಅರಮನೆಯ ಒಳಗೇ ಇತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ನಸುಕಿನಲ್ಲೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಮು ಮಾಡಿ, ಆಮೇಲೆ ತನ್ನ ಮಲ್ಲರಲ್ಲೊಬ್ಬನ ಜೊತೆ ಅರಸ ಸೆಣಸುತ್ತಿದ್ದನಂತೆ. ಅರಸನ ಬೆನ್ನನ್ನು ಮಣ್ಣಿಗೆ ಮುಟ್ಟಿಸುವ ಧೈರ್ಯ ಆ ಮಲ್ಲನಿಗೆ ಇತ್ತೋ ಇಲ್ಲವೋ, ಪಾಯಸ್ ಹೇಳಿಲ್ಲ! ಮಹಾನವಮಿಯ ಕುಸ್ತಿ ಮಾತ್ರ ಹುಡುಗಾಟವಾಗಿರಲಿಲ್ಲ. ಹಲ್ಲು ಮುರಿಯುವ, ಕಣ್ಣು ಹೋಗುವ ಹೊಡೆತಗಳನ್ನು ಅವನು ಕಂಡಿದ್ದ. ಗೆದ್ದವರಿಗೆ ರೇಷ್ಮೆ ವಸ್ತ್ರದ ಉಡುಗೊರೆ. ಮಹಿಳಾ ಮಲ್ಲರೂ ಇದ್ದರೆಂದು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ.

1565ರಲ್ಲಿ ರಾಜಧಾನಿ ಹಾಳಾಯಿತು. ಆ ಅಖಾಡದ ಕಡೆಯ ಜ್ಯೇಷ್ಠ ಮಲ್ಲ ಯಾರು ಎಂದು ಕೇಳಿದರೆ ಉತ್ತರಿಸುವ ದಫ್ತರ ಇಲ್ಲ.

ಒಂದು ಪಟ್ಟದ ಎಂಟು ವರ್ಷದ ವಂಶಾವಳಿ

ದಫ್ತರ ಇದ್ದರೆ ಎಲ್ಲ ಸರಿಹೋಗುತ್ತದೆಯೇ? ಅದನ್ನು ತಿಳಿಯಲು ಅಮೆರಿಕದ ಕಡೆ ನೋಡಬೇಕು. ಅಲ್ಲಿ 1920ರ ದಶಕದಲ್ಲಿ ವೃತ್ತಿಪರ ಕುಸ್ತಿಯನ್ನು ಕೈಯಲ್ಲಿಟ್ಟುಕೊಂಡಿದ್ದವರು ಮೂವರು. ಪೈಲ್ವಾನ ಎಡ್ 'ಸ್ಟ್ರಾಂಗ್ಲರ್' ಲೂಯಿಸ್, ಅವನ ಮ್ಯಾನೇಜರ್ ಬಿಲ್ಲಿ ಸ್ಯಾಂಡೊ, ಆಟದ ಪಟ್ಟುಗಳನ್ನು ಹೆಣೆಯುತ್ತಿದ್ದ ಟೂಟ್ಸ್ ಮಾಂಟ್. ಇವರು ನಾಟಕ ಕಂಪನಿಯಂತೆ ಪೈಲ್ವಾನರ ತಂಡ ಕಟ್ಟಿ ಊರೂರು ಸುತ್ತಿದರು. ಯಾರು ಗೆಲ್ಲಬೇಕು ಎಂಬುದು ಟಿಕೆಟ್ ಮಾರುವ ಮೊದಲೇ ತೀರ್ಮಾನವಾಗಿರುತ್ತಿತ್ತು. ನೋಡುವವರಿಗೆ ಮಾತ್ರ ಅದು ವಿಶ್ವಪಟ್ಟ!

ಆ ಪಟ್ಟದ ವಂಶಾವಳಿ ಹೀಗಿದೆ. 1921ರ ಮೇ 6ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಲೂಯಿಸನನ್ನು ಸೋಲಿಸಿದ. 1922ರ ಮಾರ್ಚ್ 3ರಂದು ಲೂಯಿಸ್ ಅದನ್ನು ಮರಳಿ ಪಡೆದ. ಜನಕ್ಕೆ ಲೂಯಿಸ್ ಬೇಸರವಾದಾಗ, ವೇಯ್ನ್ ಮನ್ ಎಂಬ ಆರೂವರೆ ಅಡಿಯ ಫುಟ್‌ಬಾಲ್ ಆಟಗಾರನನ್ನು ಕರೆತಂದು 1925ರ ಜನವರಿ 8ರಂದು ಕಾನ್ಸಾಸ್ ಸಿಟಿಯಲ್ಲಿ ಅವನಿಗೆ ಪಟ್ಟ ಕಟ್ಟಿದರು. ಮನ್‌ಗೆ ಕುಸ್ತಿಯ ವಿದ್ಯೆ ಅಷ್ಟಕ್ಕಷ್ಟೆ. ಅವನಿಗೆ ಘನತೆ ಬರಲೆಂದು ಹಳೆಯ ಹುಲಿ ಜಿಬಿಸ್ಕೊ ಅವನೆದುರು ಸೋಲಬೇಕು ಎಂಬುದು ಕರಾರು.

1925ರ ಏಪ್ರಿಲ್ 15, ಫಿಲಡೆಲ್ಫಿಯ. ಗಂಟೆ ಬಾರಿಸಿತು. ನಲವತ್ತು ದಾಟಿದ ಜಿಬಿಸ್ಕೊ ಸೋಲಲಿಲ್ಲ. ಮನ್‌ನನ್ನು ನಿಜವಾಗಿಯೇ ಹಿಡಿದು ಕೆಡವಿದ, ಮತ್ತೆ ಮತ್ತೆ ಕೆಡವಿದ. ಸಾವಿರಾರು ಕಣ್ಣುಗಳ ಮುಂದೆ ಬೆನ್ನು ನೆಲಕ್ಕೆ ಹತ್ತಿದ ಮೇಲೆ ತೀರ್ಪುಗಾರ ತಾನೇ ಏನು ಮಾಡಿಯಾನು? ಮೂವರ ಕೈಯಿಂದ ಪಟ್ಟ ಜಾರಿತು. ಜಿಬಿಸ್ಕೊ ಎದುರು ಬಣದ ಜೊತೆ ಮೊದಲೇ ಮಾತಾಡಿಕೊಂಡಿದ್ದ. ಮೇ 30ರಂದು ಸೇಂಟ್ ಲೂಯಿಸ್‌ನಲ್ಲಿ ಅದನ್ನು ಜೋ ಸ್ಟೆಕರ್‌ಗೆ ಒಪ್ಪಿಸಿದ. ಇತ್ತ ಮೂವರು ಕಂಪನಿಯವರು ಫಿಲಡೆಲ್ಫಿಯದ ಸೋಲನ್ನೇ ಒಪ್ಪದೆ ತಮ್ಮದೇ ವಿಶ್ವಪಟ್ಟವನ್ನು ಬೇರೆಯಾಗಿ ನಡೆಸಿದರು. ಎರಡು ದಫ್ತರ, ಇಬ್ಬರು ವಿಶ್ವವಿಜೇತರು! 1928ರ ಫೆಬ್ರುವರಿ 20ರಂದು ಲೂಯಿಸ್ ಸ್ಟೆಕರ್‌ನನ್ನು ಸೋಲಿಸಿದ ಮೇಲಷ್ಟೇ ಅವೆರಡೂ ಒಂದಾದವು. 1929ರ ಜನವರಿ 4ರಂದು ಬಾಸ್ಟನ್‌ನಲ್ಲಿ ಅದು ಗಸ್ ಸೊನೆನ್‌ಬರ್ಗ್ ಎಂಬ ಇನ್ನೊಬ್ಬ ಫುಟ್‌ಬಾಲ್ ಆಟಗಾರನ ಪಾಲಾಯಿತು. ಮೂವರ ಕಂಪನಿ ಮುರಿದುಬಿತ್ತು.

ಎಂಟು ವರ್ಷದ ಈ ಪಟ್ಟಿಯಲ್ಲಿ ದಿನಾಂಕಗಳೆಲ್ಲ ಸರಿಯಾಗಿವೆ. ಆದರೆ ಅದರೊಳಗೆ ಬೆವರು ಎಷ್ಟು, ಮಾತುಕತೆ ಎಷ್ಟು? ಇಡೀ ಪಟ್ಟಿಯಲ್ಲಿ ನಿಜವಾದ ಕುಸ್ತಿಯೆಂದು ಎದ್ದು ಕಾಣುವುದು ಕರಾರು ಮುರಿದ ಆ ಒಂದು ರಾತ್ರಿ.

ಪಟಿಯಾಲದ ಒಂದು ನಿಮಿಷ

ಅದೇ ಜಿಬಿಸ್ಕೊಗೆ ನಮ್ಮ ದೇಶದಲ್ಲಿ ಒಂದು ಹಳೆಯ ಬಾಕಿ ಇತ್ತು. 1910ರಲ್ಲಿ ಗಾಮಾ ಪೈಲ್ವಾನ ಲಂಡನ್‌ಗೆ ಹೋದಾಗ ಎತ್ತರ ಸಾಲದೆಂದು ಮೊದಲು ಪಂದ್ಯಕ್ಕೇ ಸೇರಿಸಿಕೊಂಡಿರಲಿಲ್ಲ. ಸವಾಲು ಹಾಕಿ, ಅಮೆರಿಕದ ಬೆಂಜಮಿನ್ ರೋಲರ್‌ನನ್ನು ಕೆಡವಿ ಗಾಮಾ ತನ್ನ ದಾರಿ ಮಾಡಿಕೊಂಡ. ಸೆಪ್ಟೆಂಬರ್ 10ರಂದು ಜಿಬಿಸ್ಕೊ ಜೊತೆ ಕುಸ್ತಿ. 250 ಪೌಂಡ್ ಮತ್ತು 'ಜಾನ್ ಬುಲ್' ಬೆಲ್ಟು ಪಣಕ್ಕೆ. ಜಿಬಿಸ್ಕೊ ಚಾಪೆಗೆ ಅಂಟಿಕೊಂಡು ಮಲಗಿಬಿಟ್ಟ. ಎರಡೂವರೆ ಗಂಟೆ ಮೀರಿ ಎಳೆದರೂ ತೀರ್ಮಾನವಾಗಲಿಲ್ಲ. 17ರಂದು ಮತ್ತೆ ಬರಬೇಕಿದ್ದವನು ಬರಲೇ ಇಲ್ಲ. ಬೆಲ್ಟು ಗಾಮಾನದಾಯಿತು.

ಹದಿನೇಳು ವರ್ಷ ಕಳೆದು 1928ರ ಜನವರಿಯಲ್ಲಿ ಪಟಿಯಾಲದ ಮಹಾರಾಜರ ಆಶ್ರಯದಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಚಾಪೆಯಿಲ್ಲ, ಮಣ್ಣು. ಒಂದು ನಿಮಿಷ ತುಂಬುವ ಮೊದಲೇ ಜಿಬಿಸ್ಕೊನ ಬೆನ್ನು ಆ ಮಣ್ಣಿಗೆ ಹತ್ತಿತ್ತು.

ಮುಂದೆ ಪಟಿಯಾಲ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಗಾಮಾ ಪಾಕಿಸ್ತಾನದ ಪ್ರಜೆಯಾಗಿ 1960ರಲ್ಲಿ ಲಾಹೋರಿನಲ್ಲಿ ಕಣ್ಣು ಮುಚ್ಚಿದ. ಪಟ್ಟ ಕಟ್ಟಿದ ಅರಸೊತ್ತಿಗೆ ಇಲ್ಲ, 'ಹಿಂದ್' ಎರಡು ಹೋಳಾಯಿತು. ಆದರೂ ಗಾಮಾನ ಪಟ್ಟವನ್ನು ಯಾರೂ ಪ್ರಶ್ನಿಸಲಿಲ್ಲ. ಅವನನ್ನು ಸೋಲಿಸಿದವರೇ ಇರಲಿಲ್ಲ!

ಬೆಲ್ಟಿನಿಂದ ಗದೆಗೆ

ಸ್ವಾತಂತ್ರ್ಯದ ನಂತರ ಎರಡು ದಾರಿ ಕವಲೊಡೆದವು. ಒಂದು ಮಣ್ಣಿನ ದಾರಿ. 1958ರಲ್ಲಿ ಹೈದರಾಬಾದಿನಲ್ಲಿ 'ಹಿಂದ್ ಕೇಸರಿ' ಪಟ್ಟ ಆರಂಭವಾಯಿತು. ಎರಡು ವರ್ಷದ ಹಿಂದಷ್ಟೇ ಕುಷ್ಟಗಿಗೂ ರಾಜಧಾನಿಯಾಗಿದ್ದ ಊರು ಅದು. ಮರುವರ್ಷ 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್‌ನನ್ನು ಸೋಲಿಸಿ ಹಿಂದ್ ಕೇಸರಿಯಾದವರು ಶ್ರೀಪತಿ ಖಂಚನಾಳೆ. ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿದ ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದಲ್ಲಿ. 2020ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗಲೂ ಹೆಸರಿನ ಹಿಂದೆ 'ಹಿಂದ್ ಕೇಸರಿ' ಇದ್ದೇ ಇತ್ತು.

ಇನ್ನೊಂದು ದೀಪದ ಬೆಳಕಿನ, ಟಿಕೆಟ್ಟಿನ ದಾರಿ. ದಾರಾ ಸಿಂಗ್ ಮತ್ತು ಹಂಗೇರಿಯ ಭಾರೀ ಗಾತ್ರದ 'ಕಿಂಗ್ ಕಾಂಗ್' ಎಮಿಲ್ ಝಾಯಾ ಸೆಣಸುತ್ತಾರೆಂದರೆ ಮೈದಾನ ತುಂಬುತ್ತಿತ್ತು. 1959ರಲ್ಲಿ ಕೋಲ್ಕತ್ತದಲ್ಲಿ ಕೆನಡಾದ ಜಾರ್ಜ್ ಗೊರ್ಡಿಯೆಂಕೊನನ್ನು ಸೋಲಿಸಿ ದಾರಾ ಸಿಂಗ್ ಕಾಮನ್‌ವೆಲ್ತ್ ಪಟ್ಟ ಪಡೆದರು. 1968ರ ಮೇ 29ರಂದು ಮುಂಬೈಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿ ವಿಶ್ವವಿಜೇತರೆನಿಸಿದರು. 1983ರಲ್ಲಿ ಅಖಾಡಕ್ಕೆ ವಿದಾಯ ಹೇಳಿದರು. ಆ ಪಂದ್ಯಗಳನ್ನು ನಡೆಸಿದ ವ್ಯವಸ್ಥೆ ಕ್ರಮೇಣ ಕರಗಿತು. ಇಂಥ ಆಟ ಸ್ಪರ್ಧೆಯಲ್ಲ, ಮನರಂಜನೆ ಎಂದು ಅಮೆರಿಕದ ಅತಿ ದೊಡ್ಡ ಕುಸ್ತಿ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಒಪ್ಪಿಕೊಂಡಿತು. ಕಾಮನ್‌ವೆಲ್ತ್ ಬೆಲ್ಟು ಈಗ ಯಾರದು ಎಂದು ಯಾರೂ ಕೇಳುವುದಿಲ್ಲ.

ಆದರೆ ದಾರಾ ಸಿಂಗ್ ಹೆಸರು ಮಾತ್ರ ಮನೆಮನೆಯಲ್ಲಿ ಉಳಿಯಿತು. 1987ರಲ್ಲಿ ದೂರದರ್ಶನದ 'ರಾಮಾಯಣ'ದಲ್ಲಿ ಅವರು ಗದೆ ಹೊತ್ತ ಹನುಮಂತನಾದರು. ಪ್ರತಿಯೊಂದು ಗರಡಿಮನೆಯಲ್ಲೂ ಪೂಜೆಗೊಳ್ಳುವ ದೇವರು ಆತ. ಆತ ಹುಟ್ಟಿದ್ದು ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬಳಿಯ ಅಂಜನಾದ್ರಿಯಲ್ಲಿ ಎಂಬುದು ಈ ಸೀಮೆಯ ನಂಬಿಕೆ. ಕುಷ್ಟಗಿ ತಾಲ್ಲೂಕಿನಲ್ಲೇ ಹನುಮಸಾಗರ, ಹನುಮನಾಳದಂಥ ಊರುಗಳಿವೆ. ಬೆಲ್ಟುಗಳು ಕೊಡಲಾಗದ ಪಟ್ಟವನ್ನು ಪೈಲ್ವಾನನಿಗೆ ಗದೆ ಕೊಟ್ಟಿತು ಎನ್ನಬೇಕು.

ಗುಳೆ ಹೋದ ತೋಳುಗಳು

ಈಗ ಮತ್ತೆ ಹಳ್ಳಿಯ ಕಡಗಕ್ಕೆ ಬರೋಣ. ಮೈಸೂರು ದಸರೆಯಲ್ಲಿ 'ದಸರಾ ಕೇಸರಿ', 'ದಸರಾ ಕುಮಾರ', ಮಹಿಳೆಯರಿಗೆ 'ದಸರಾ ಕಿಶೋರಿ' ಪಟ್ಟಗಳಿವೆ. ಅವುಗಳ ವಿಜೇತರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಜಾತ್ರೆಯ ಕಡಗಕ್ಕೆ ಆ ಭಾಗ್ಯವಿಲ್ಲ. ಮೇಲಾಗಿ ಇದು ಮಳೆ ನಂಬಿ ಬದುಕುವ ನೆಲ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗಂಟು ಕಟ್ಟಿಕೊಂಡು ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಗರಡಿಯಲ್ಲಿ ದಂಡ, ಬೈಠಕ್ ಹೊಡೆಯಬೇಕಾದ ತೋಳು ಅಲ್ಲಿ ಕಬ್ಬಿಣ ಬಾಗಿಸುತ್ತದೆ, ಕಾಂಕ್ರೀಟು ಹೊರುತ್ತದೆ. ಸಾಮು ಮಾಡುವವನಿಗೆ ದಿನಾ ಹಾಲು, ತುಪ್ಪ, ಬಾದಾಮಿ ಬೇಕು. ಕೂಲಿಯ ದುಡ್ಡಿನಲ್ಲಿ ಅದು ಎಲ್ಲಿಂದ ಬರಬೇಕು? ಮಣ್ಣು ಕೆದಕುವವರಿಲ್ಲದ ಗರಡಿ ಗಟ್ಟಿ ನೆಲವಾಗಲು ಬಹಳ ದಿನ ಬೇಕಿಲ್ಲ.

ಅಮೆರಿಕದ ಮೂವರ ಕಂಪನಿ ಮಾತುಕತೆಯಲ್ಲಿ ಕೈಬದಲಾದ ಪಟ್ಟಕ್ಕೂ ದಿನಾಂಕ ಬರೆದಿಟ್ಟಿತು. ನಮ್ಮ ಊರುಗಳು ನಿಜವಾಗಿ ಸೆಣಸಿ ಗೆದ್ದ ಕಡಗಕ್ಕೂ ಬರೆದಿಡಲಿಲ್ಲ. ಯಾವ ವರ್ಷ, ಯಾವ ಜಾತ್ರೆ, ಯಾವ ಊರಿನ ಯಾರು ಯಾರನ್ನು ಯಾವ ಪಟ್ಟಿನಲ್ಲಿ ಚಿತ್ ಮಾಡಿದರು ಎಂಬುದು ವಯಸ್ಸಾದ ವಸ್ತಾದರ ನಾಲಿಗೆಯ ಮೇಲೆ ಮಾತ್ರ ಇರುತ್ತದೆ. ಗ್ರಾಮ ಪಂಚಾಯಿತಿಯೋ ಊರಿನ ಶಾಲೆಯೋ ಒಂದು ನೂರು ಪುಟದ ನೋಟುಪುಸ್ತಕ ಹಿಡಿದು ಅವರ ಮುಂದೆ ಕೂತರೆ ಸಾಕು, ಕೇಳಿ ಬರೆದುಕೊಳ್ಳಬಹುದು. ತಡವಾದರೆ ಏನಾಗುತ್ತದೆಂದು ತಿಳಿಯಲು ಹಂಪಿಯ ಮಹಾನವಮಿ ದಿಬ್ಬದ ಮುಂದೆ ನಿಲ್ಲಬೇಕು. ಆ ಕಲ್ಲಿನ ಸಾಲುಗಳಲ್ಲಿ ಮಲ್ಲರು ಇಂದಿಗೂ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದಾರೆ. ಹಿಡಿತ ಸಡಿಲಿಲ್ಲ, ಆದರೆ ಒಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ.