ಊರವರೆಲ್ಲ ಸೇರಿ ಕಟ್ಟೇವಿ: ಆ ‘ನಾವು’ ಎಲ್ಲಿ ಅಡಗಿದೆ?

“ಊರವ್ರೆಲ್ಲಾ ಸೇರಿ ಗುಡಿ ಕಟ್ಟೇವ್ರಿ.”

ಗದಗ ಜಿಲ್ಲೆಯ, ಮಲಪ್ರಭೆಯ ದಂಡೆಯ ಕೊಣ್ಣೂರಿನಲ್ಲಿ ಯಾರ ಬಾಯಲ್ಲಾದರೂ ಬರಬಹುದಾದ ಮಾತು ಇದು. ಒಂದು ಸಲ ನಿಂತು ಕೇಳಿ. ಇದರಲ್ಲಿ ‘ನಾವು’ ಎಂಬ ಪದವೇ ಇಲ್ಲ! ‘ಊರವರು’ ಎಂಬಲ್ಲಿ ಊರಿಗೆ ಅಂಟಿಕೊಂಡಿರುವುದು ‘ಅವರು’. ಅಂದರೆ ಮಾತು ಶುರುವಾಗುವಾಗ ಗುಡಿ ಕಟ್ಟಿದವರು ಯಾರೋ ಮೂರನೆಯವರು. ಕೊನೆಗೆ ಬರುವ ಕ್ರಿಯಾಪದದ ತುದಿಯಲ್ಲಿ ‘ಏವಿ’ ಎಂದ ಕ್ಷಣವೇ ಆ ಮೂರನೆಯವರೆಲ್ಲ ‘ನಾವು’ ಆಗಿಬಿಡುತ್ತಾರೆ. ತುದಿಯನ್ನಷ್ಟೇ ಬದಲಿಸಿ ನೋಡಿ. “ಊರವ್ರೆಲ್ಲಾ ಸೇರಿ ಕಟ್ಟೀರಿ” ಎಂದರೆ ನೀವು. “ಊರವ್ರೆಲ್ಲಾ ಸೇರಿ ಕಟ್ಯಾರ” ಎಂದರೆ ಅವರು. ಅದೇ ಊರವರು, ಅದೇ ಗುಡಿ, ಮೂರು ಬೇರೆ ಬೇರೆ ಗುಂಪುಗಳು! ಹುಟ್ಟಿದಾಗಿನಿಂದ ಆಡಿದ ಭಾಷೆಯೊಳಗೆ ಇಂಥದ್ದೊಂದು ಇತ್ತೆಂದು ತಿಳಿದಾಗ ಮೈ ಜುಮ್ಮೆನ್ನುತ್ತದೆ.

ಇದು ಕಣ್ಣಿಗೆ ಬಿದ್ದದ್ದು ಇಂಗ್ಲಿಷಿನ ದಾರಿಯಿಂದ. ಇಂಗ್ಲಿಷಿನಲ್ಲಿ ‘ದಿ ವಿಲೇಜರ್ಸ್ ಬಿಲ್ಟ್ ದಿ ಟೆಂಪಲ್’ ಎಂದರೆ ಮುಗಿಯಿತು, ಹೇಳುವವನು ಆ ಗುಂಪಿನ ಹೊರಗೆ ಉಳಿದ. ಒಳಗೆ ಬರಬೇಕಾದರೆ ಸರ್ವನಾಮವನ್ನು ಬಾಯಿಬಿಟ್ಟು ಹೇಳಲೇಬೇಕು, ಅದೂ ನಾಮಪದದ ಮುಂದೆಯೇ: ‘ವಿ ವಿಲೇಜರ್ಸ್’. ರೈತರಾದರೆ ‘ವಿ ಫಾರ್ಮರ್ಸ್’. ನಡುವೆ ಗುಣವಾಚಕ ಸೇರಿಸಿ ‘ವಿ ಪೂರ್ ಫಾರ್ಮರ್ಸ್’ ಎನ್ನಬಹುದು. ಕರ್ಮಸ್ಥಾನಕ್ಕೆ ಬಂದರೆ ‘ವಿ’ ಹೋಗಿ ‘ಅಸ್’ ಆಗುತ್ತದೆ: ‘ಗಿವ್ ಅಸ್ ಫಾರ್ಮರ್ಸ್ ವಾಟರ್’. ಎಲ್ಲಿ ‘ವಿ’, ಎಲ್ಲಿ ‘ಅಸ್’ ಎಂದು ತಡಕಾಡುವ ಮಕ್ಕಳಿಗೆ ಸುಲಭದ ದಾರಿಯೊಂದಿದೆ. ‘ಫಾರ್ಮರ್ಸ್’ ಪದವನ್ನು ತೆಗೆದು ಓದಿದರೆ ಸಾಕು, ‘ಗಿವ್ ವಿ ವಾಟರ್’ ಎಂದು ಯಾರೂ ಹೇಳುವುದಿಲ್ಲ.

ಇಲ್ಲಿಯವರೆಗೆ ಸರಿ. ಆದರೆ ‘ವಿ ಫಾರ್ಮರ್ಸ್’ ಸರಿ, ‘ಯು ಫಾರ್ಮರ್ಸ್’ ಸರಿ, ‘ದೇ ಫಾರ್ಮರ್ಸ್’ ಏಕೆ ತಪ್ಪು? ಅಲ್ಲಿ ‘ದೋಸ್ ಫಾರ್ಮರ್ಸ್’ ಎನ್ನಬೇಕು. 1966ರಲ್ಲಿ ಪಾಲ್ ಪೋಸ್ಟಲ್ ಎಂಬ ಅಮೆರಿಕದ ಭಾಷಾವಿಜ್ಞಾನಿ ಇಂಥ ಬಳಕೆಗಳನ್ನೇ ಹಿಡಿದು ಒಂದು ದಿಟ್ಟ ಮಾತು ಹೇಳಿದರು: ‘ವಿ’, ‘ಯು’ ನಾಮಪದದ ಬದಲಿಗೆ ಬರುವ ಪದಗಳಲ್ಲ, ‘ದಿ’ ಎಂಬ ಆರ್ಟಿಕಲ್ ಕೂರುವ ಜಾಗದಲ್ಲೇ ಕೂರುವ ಪದಗಳು. ಶಾಲೆಯಲ್ಲಿ ನಾವೆಲ್ಲ ಕಲಿತ ‘ನಾಮಪದದ ಬದಲು ಬಳಸುವುದೇ ಸರ್ವನಾಮ’ ಎಂಬ ವ್ಯಾಖ್ಯೆ ಅಲ್ಲಿಗೆ ಅಲುಗಾಡಿತು. ‘ನಾವು ರೈತರು’ ಎಂದಾಗ ‘ನಾವು’ ಯಾರ ಬದಲಿಗೆ ಬಂತು? ರೈತರು ಅಲ್ಲೇ ಪಕ್ಕದಲ್ಲಿದ್ದಾರಲ್ಲ!

‘ದೇ’ ಏಕೆ ಆ ಜಾಗದಲ್ಲಿ ಕೂರುವುದಿಲ್ಲ ಎಂಬ ಪ್ರಶ್ನೆಗೆ ಕನ್ನಡದ ಕಡೆ ತಿರುಗಿದರೆ ಎಂಥ ಬೆಳಕು ಬೀಳುತ್ತದೆ! ಅವರು, ಇವರು, ಯಾರು. ಅದು, ಇದು, ಯಾವುದು. ಆ, ಈ, ಯಾವ. ಇವೆಲ್ಲ ಒಂದೇ ಬಳಗ, ಬೆರಳು ಮಾಡಿ ತೋರಿಸುವ ಪದಗಳ ಬಳಗ. ‘ನಾನು’, ‘ನೀನು’ಗಳಿಗೆ ಇಂಥ ಬಳಗವಿಲ್ಲ. ಅವು ತೋರಿಸುವುದಿಲ್ಲ, ಮಾತಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂದಷ್ಟೇ ಹೇಳುತ್ತವೆ. ಮೂರನೆಯವರನ್ನು ಮಾತ್ರ ತೋರಿಸಬೇಕು; ‘ದೇ’ ಬದಲು ತೋರಿಸುವ ‘ದೋಸ್’ ಬರುವುದು ಅದಕ್ಕೇ ಇರಬೇಕು. ಈ ವ್ಯತ್ಯಾಸವನ್ನು ಜಗತ್ತಿನ ಹಲವು ಭಾಷೆಗಳಿಂದ ಉದಾಹರಣೆ ಕಲೆಹಾಕಿ ವಿವರಿಸಿದವರು ನಮ್ಮವರೇ, ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು. ಸರ್ವನಾಮಗಳ ಮೇಲಿನ ಅವರ ಇಂಗ್ಲಿಷ್ ಪುಸ್ತಕ 2004ರಲ್ಲಿ ಬಂತು. ಅದಕ್ಕೂ ಹತ್ತು ವರ್ಷ ಮೊದಲು, 1994ರಲ್ಲಿ, ಅವರು ಬರೆದದ್ದು ಗುಣವಾಚಕಗಳ ಮೇಲೆ! ನಮ್ಮ ಕೈಯಲ್ಲಿರುವ ಗಂಟಿನ ಎರಡು ಎಳೆಗಳನ್ನೂ ಒಬ್ಬ ಕನ್ನಡಿಗರೇ ಬೇರೆ ಬೇರೆಯಾಗಿ ಬಿಡಿಸಿ ನೋಡಿದ್ದಾರೆ.

ಗುಣವಾಚಕದ ಎಳೆ ಇನ್ನೂ ಸೊಗಸು. ಕೊಣ್ಣೂರಿನ ಪೇರಲ ಹಣ್ಣಿಗೆ ಸುತ್ತಲಿನ ಸೀಮೆಯಲ್ಲಿ ಒಳ್ಳೆಯ ಹೆಸರು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಬುಟ್ಟಿಯ ಮುಂದೆ ನಿಂತವರು “ದೊಡ್ಡವು ಹಾಕ್ರಿ, ಸಣ್ಣವು ಬ್ಯಾಡ” ಎನ್ನುತ್ತಾರೆ. ದೊಡ್ಡ ಮತ್ತು ಅವು ಸೇರಿ ದೊಡ್ಡವು. ಹೀಗೇ ದೊಡ್ಡಾವ, ದೊಡ್ಡಾಕಿ, ದೊಡ್ಡವರು. ಬಡ ಮತ್ತು ಅವರು ಸೇರಿ ಬಡವರು. ಕನ್ನಡದ ಇಂಥ ಗುಣವಾಚಕ ಒಂಟಿಯಾಗಿ ನಿಲ್ಲಲಾರದು, ನಾಮಪದವಿಲ್ಲದ ಕಡೆ ‘ಅವ–ಅವಳು–ಅದು’ ಬಳಗದ ಕೈ ಹಿಡಿಯಲೇಬೇಕು. ಇಂಗ್ಲಿಷು ಆ ಕೆಲಸಕ್ಕೆ ‘ಒನ್’ ಎಂಬ ಎಣಿಕೆಯ ಪದವನ್ನು ಎಳೆತಂದು, ಅದಕ್ಕೂ ಬಹುವಚನ ಹಚ್ಚಿ ‘ಬಿಗ್ ಒನ್ಸ್’ ಎನ್ನುತ್ತದೆ. ಒಂದಕ್ಕೆ ಬಹುವಚನ!

ಹಾಗಾದರೆ ಗುಣವಾಚಕ ನೇರವಾಗಿ ‘ನಾನು’ವನ್ನು ಮುಟ್ಟಬಲ್ಲದೇ? ಇಂಗ್ಲಿಷಿನಲ್ಲಿ ‘ಪೂರ್ ಮಿ’, ‘ಲಕ್ಕಿ ಯು’ ಉಂಟು. ಅಲ್ಲಿಯೂ ‘ಪೂರ್ ಐ’ ಅಲ್ಲ, ‘ಮಿ’ ಆಗಿಯೇ ಬರಬೇಕು. ಕನ್ನಡದಲ್ಲಿ ‘ಬಡ ನಾನು’ ಎಂದು ಹೇಳಿ ನೋಡಿ, ನಾಲಿಗೆಯೇ ಒಪ್ಪುವುದಿಲ್ಲ. ‘ಬಡವನಾದ ನಾನು’ ಎನ್ನಬೇಕು. ನನ್ನ ಬಡತನ ಹೇಳಿಕೊಳ್ಳಲು ನಾನು ಮೊದಲು ‘ಅವನು’ ಆಗಬೇಕು, ಆಮೇಲೆ ‘ಆದ’ ಎಂಬ ಸೇತುವೆ ದಾಟಿ ‘ನಾನು’ವಿನ ಬಳಿ ಬರಬೇಕು. ಎಷ್ಟು ವಿಚಿತ್ರ, ಎಷ್ಟು ಸಹಜ!

ಈ ‘ಆದ’ ನಮ್ಮ ಅರ್ಜಿಗಳ ಜೀವ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೆ ನುಗ್ಗಿತು. ನೆರೆಯಂಥ ಕಷ್ಟದಲ್ಲಿ ಕಚೇರಿಗೆ ಬರೆಯುವ ಅರ್ಜಿಯ ಧಾಟಿ ಯಾವ ಊರಿನಲ್ಲಾದರೂ ಒಂದೇ: ಗ್ರಾಮದ ನಿವಾಸಿಗಳಾದ ನಾವು, ನೆರೆ ಸಂತ್ರಸ್ತರಾದ ನಮಗೆ. ಊರು ಮೊದಲು, ಜನ ಆಮೇಲೆ, ‘ನಾವು’ ಕಟ್ಟಕಡೆಗೆ. ಸಂವಿಧಾನದ ಪೀಠಿಕೆಯೂ ಹಾಗೆಯೇ. ಇಂಗ್ಲಿಷಿನಲ್ಲಿ ಅದು ‘ವಿ’ ಎಂದೇ ಬಾಯಿ ತೆರೆಯುತ್ತದೆ. ಕನ್ನಡದಲ್ಲಿ ಮೊದಲು ಭಾರತ, ನಂತರ ಪ್ರಜೆಗಳು, ಆಮೇಲೆ ‘ಆದ ನಾವು’. ಆದರೆ ಅರ್ಜಿ ಬರೆದವರೇ ಕಟ್ಟೆಗೆ ಬಂದು ಕುಳಿತರೆ “ನಾವ್ ಒಕ್ಕಲುತನದ ಮಂದಿ ಎಲ್ಲಿಗೆ ಹೋಗೋಣ್ರಿ” ಎನ್ನುತ್ತಾರೆ. ಆಗ ‘ನಾವು’ ಮುಂದೆ, ಥೇಟ್ ಇಂಗ್ಲಿಷಿನ ಕ್ರಮ! ಯಾರಿಂದಲೂ ಎರವಲು ಪಡೆದದ್ದಲ್ಲ. ವಿಭಕ್ತಿ ಬಂದರೆ ಮಾತ್ರ ದಾರಿ ಬೇರೆ. ಇಂಗ್ಲಿಷಿನಲ್ಲಿ ಸರ್ವನಾಮವೊಂದೇ ರೂಪ ಬದಲಿಸಿದರೆ, ನಮ್ಮಲ್ಲಿ “ನಮಗ ಬಡವರಿಗೆ” ಎಂದು ಎರಡೂ ಪದಗಳು ಪ್ರತ್ಯಯ ತೊಡುತ್ತವೆ.

ಇದೆಲ್ಲ ನಡೆಯುತ್ತಿರುವ ನೆಲವಾದರೂ ಯಾವುದು! 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ನಾಡನ್ನು ಗುರುತಿಸಲು ಹೆಸರಿಸುವ ನಾಲ್ಕು ಊರುಗಳಲ್ಲಿ ಎರಡು ಇದೇ ಮಲಪ್ರಭೆಯ ದಂಡೆಯವು. ಕೊಣ್ಣೂರಿನಿಂದ ಮೇಲಕ್ಕೆ ಒಕ್ಕುಂದ, ಕೆಳಕ್ಕೆ ಕಿಸುವೊಳಲು, ಅಂದರೆ ಪಟ್ಟದಕಲ್ಲು. ಮೂರನೆಯ ಪುಲಿಗೆರೆ ಇದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಆ ಕೃತಿಗೆ ಆಶ್ರಯ ಕೊಟ್ಟ ಅಮೋಘವರ್ಷನ ಹೆಸರೂ ಕೊಣ್ಣೂರಿನ ಕಲ್ಲಿನ ಮೇಲಿದೆ. ಅವನ ಸೇನಾನಿ ಬಂಕೆಯನು ಕೊಳನೂರಿನಲ್ಲಿ ಕಟ್ಟಿಸಿದ ಬಸದಿಗೆ ಅರಸ 860ರಲ್ಲಿ ಕೊಟ್ಟ ದಾನವನ್ನು ಆ ಶಾಸನ ಹೇಳುತ್ತದೆ. ಆ ಕೊಳನೂರೇ ಇಂದಿನ ಕೊಣ್ಣೂರು.

ಇನ್ನು ಹೊರಗಿನ ಲೋಕ ನೋಡಿ. ‘ಊರವರೆಲ್ಲ ಕಟ್ಟೇವಿ’ ಎಂಬ ನಮ್ಮ ಜಾದೂ ಸ್ಪೇನಿನವರಿಗೂ ಗೊತ್ತು! ‘ಲೋಸ್ ಎಸ್ಪಾನ್ಯೋಲೆಸ್ ಸೋಮೋಸ್’ ಎನ್ನುತ್ತಾರೆ ಅವರು, ಅಂದರೆ ‘ಸ್ಪೇನಿನವರು ಆಗಿದ್ದೇವೆ’. ಗ್ರೀಕರೂ ಹಾಗೆಯೇ ಮಾಡುತ್ತಾರೆ. ಪಕ್ಕದ ತೆಲುಗರಂತೂ ‘ನಾವು ರೈತರು’ ಎನ್ನಲು ‘ಮೇಮು ರೈತುಲಂ’ ಎಂದು ನಾಮಪದದ ಬಾಲಕ್ಕೇ ‘ನಾವು’ ಹಚ್ಚುತ್ತಾರೆ. ಇಂಗ್ಲಿಷಿನಲ್ಲಿ ನಾಮಪದದ ಮುಂದೆ, ತೆಲುಗಿನಲ್ಲಿ ನಾಮಪದದ ಮೇಲೆ, ಕನ್ನಡದಲ್ಲಿ ಕ್ರಿಯಾಪದದ ಒಳಗೆ!

ತುಳುವಿನಲ್ಲಿ ‘ನಾವು’ ಎಂಬುದೇ ಎರಡು. ಕೇಳುವವರನ್ನೂ ಒಳಗೊಂಡರೆ ‘ನಮ’, ಬಿಟ್ಟರೆ ‘ಎಂಕುಳು’. ಕನ್ನಡಕ್ಕೂ ಇಂಗ್ಲಿಷಿಗೂ ಆ ಸೌಕರ್ಯವಿಲ್ಲ. ಬರೀ ‘ನಾವು’ ಎಂದರೆ ಎದುರಿಗಿರುವವನು ಒಳಗೋ ಹೊರಗೋ ತಿಳಿಯದು. ‘ನಾವು’ ಪಕ್ಕದಲ್ಲಿ ಇನ್ನೊಂದು ಪದ ಇಡುವುದು ಎಷ್ಟೋ ಸಲ ಇದಕ್ಕಾಗಿಯೇ ಎಂದು ನನಗನ್ನಿಸುತ್ತದೆ. ಕೊಣ್ಣೂರಿನ ಸೀಮೆಯನ್ನೇ ನೋಡಿ. 1980ರ ಜುಲೈ 21ರಂದು ಇಲ್ಲಿನ ನರಗುಂದದಲ್ಲೂ ನವಲಗುಂದದಲ್ಲೂ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ಜೀವ ಹೋದವು. ಈ ಸೀಮೆ ಇಂದಿಗೂ ಆ ದಿನವನ್ನು ಹುತಾತ್ಮ ದಿನವಾಗಿ ನೆನೆಯುತ್ತದೆ. ಇಂಥ ನೆಲದ ಒಕ್ಕಲಿಗನೊಬ್ಬ ಅಧಿಕಾರಿಯ ಮೇಜಿನ ಮುಂದೆ ನಿಂತು “ನಾವು ರೈತರು” ಎಂದಾಗ, ಆ ಎರಡನೆಯ ಪದ ಮೇಜಿನ ಆಚೆಗಿರುವವನನ್ನು ಹೊರಗಿಟ್ಟು, ಇಡೀ ಮಲಪ್ರಭೆ ಬಯಲಿನ ಒಕ್ಕಲುತನದ ಮಂದಿಯನ್ನು ಒಳಗೆ ಕರೆಯುತ್ತದೆ.